ಗೆದ್ದ ಸರಕಿನ ನೆರಳಿನಲ್ಲಿ: ಫೋಕ್ಸ್‌ವ್ಯಾಗನ್ 1500 ಕಾರು ಉದ್ಯಮಿಗಳಿಗೆ ಹೇಳುವ ಮಾತು

ಉದ್ಯಮವೊಂದಕ್ಕೆ ಕಷ್ಟಕಾಲ ಬಂದಾಗ ಅದರ ಕಾರಣವನ್ನು ಆ ಕಷ್ಟಕಾಲದಲ್ಲಿಯೇ ಹುಡುಕುವುದು ವಾಡಿಕೆ. ಕಚ್ಚಾ ವಸ್ತುವಿನ ಬೆಲೆ ಏರಿತು, ವಿನಿಮಯ ದರ ಕೈಕೊಟ್ಟಿತು, ಬೇಡಿಕೆ ಕುಸಿಯಿತು ಎಂಬ ವಿವರಣೆಗಳು ವಾರ್ಷಿಕ ವರದಿಗಳಲ್ಲಿ ಸಿದ್ಧವಾಗಿಯೇ ಇರುತ್ತವೆ. ಅವು ಸುಳ್ಳಲ್ಲ. ಆದರೆ ಅನೇಕ ಸಂದರ್ಭಗಳಲ್ಲಿ ನಷ್ಟದ ಬೀಜ ಬಿದ್ದಿರುವುದು ಅದಕ್ಕೂ ಹತ್ತು ವರ್ಷ ಹಿಂದೆ, ಉದ್ಯಮದ ಲಾಭ ಶಿಖರದಲ್ಲಿದ್ದಾಗ. ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆಯು 1961ರಲ್ಲಿ ಮಾರುಕಟ್ಟೆಗೆ ತಂದ ಒಂದು ಕುಟುಂಬ ಕಾರಿನ ಕಥೆ ಈ ಸತ್ಯಕ್ಕೆ ಉತ್ತಮ ನಿದರ್ಶನ. ಆ ಕಾರು ಕೆಟ್ಟದ್ದಾಗಿರಲಿಲ್ಲ, ಸೋತದ್ದೂ ಅಲ್ಲ. ಆದುದರಿಂದಲೇ ಅದರ ಪಾಠ ಹೆಚ್ಚು ಬೆಲೆಯುಳ್ಳದ್ದು.

ಒಂದೇ ಕಾರಿನ ಕಾರ್ಖಾನೆ

ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯಿಂದ ಜರ್ಝರಿತವಾಗಿದ್ದ ವೋಲ್ಫ್ಸ್‌ಬರ್ಗ್‌ನ ಕಾರ್ಖಾನೆಯನ್ನು ಬ್ರಿಟಿಷ್ ಸೇನೆಯ ಆಡಳಿತವು ಮತ್ತೆ ನಡೆಯುವಂತೆ ಮಾಡಿತು. 1948ರ ಜನವರಿಯಲ್ಲಿ ಅದರ ಮುಖ್ಯಸ್ಥನಾಗಿ ಹೈನ್ರಿಖ್ ನೋರ್ಡ್‌ಹಾಫ್ ಅಧಿಕಾರ ವಹಿಸಿಕೊಂಡರು. ಒಪೆಲ್ ಸಂಸ್ಥೆಯಲ್ಲಿ ಪಳಗಿದ್ದ ಈ ಎಂಜಿನಿಯರ್ ಹಿಡಿದ ದಾರಿ ಸರಳವಾದುದು. ಕಾರು ಒಂದೇ ಇರಲಿ, ಅದರ ಹೊರರೂಪವನ್ನು ವರ್ಷವರ್ಷವೂ ಬದಲಿಸುವ ಹುಚ್ಚು ಬೇಡ. ಒಳಗಿನ ಬಿಡಿಭಾಗಗಳನ್ನು ಮಾತ್ರ ಎಡೆಬಿಡದೆ ಸುಧಾರಿಸುತ್ತ ಹೋಗಬೇಕು. ಯಾವ ದೇಶದಲ್ಲಿ ಮಾರಿದರೂ ಮೊದಲು ಅಲ್ಲಿ ದುರಸ್ತಿ ಕೇಂದ್ರ ಮತ್ತು ಬಿಡಿಭಾಗಗಳ ದಾಸ್ತಾನು ಸಿದ್ಧವಿರಬೇಕು. ಜಗತ್ತು ಬೀಟಲ್ ಎಂದು ಕರೆದ ದುಂಡು ಮೈಯ ಆ ಪುಟ್ಟ ಕಾರು ಈ ನೀತಿಯ ಬಲದಿಂದಲೇ 1955ರ ಆಗಸ್ಟ್‌ನಲ್ಲಿ ಹತ್ತು ಲಕ್ಷದ ಮೈಲಿಗಲ್ಲನ್ನು ದಾಟಿತು.

ಬೀಟಲ್‌ನ ಎಂಜಿನ್ ಇದ್ದುದು ಹಿಂಭಾಗದಲ್ಲಿ. ಅದಕ್ಕೆ ನೀರಿನ ತಂಪು ಬೇಕಿರಲಿಲ್ಲ. ಪಂಖವೊಂದು ಗಾಳಿ ಬೀಸಿ ಅದನ್ನು ತಂಪಾಗಿಸುತ್ತಿತ್ತು. ಈ ಏರ್ಪಾಟಿಗೆ ಅಂದಿನ ಕಾಲದಲ್ಲಿ ಬಲವಾದ ಸಮರ್ಥನೆಯಿತ್ತು. ಎಂಜಿನ್ ಹಾಗೂ ಚಾಲಕ ಚಕ್ರಗಳು ಒಂದೇ ಕಡೆ ಇರುವುದರಿಂದ ಮುಂದಿನಿಂದ ಹಿಂದಿನವರೆಗೆ ಉದ್ದನೆಯ ದಂಡ ಬೇಕಿಲ್ಲ. ಭಾರವೆಲ್ಲ ತಿರುಗುವ ಚಕ್ರಗಳ ಮೇಲೆಯೇ ಬೀಳುವುದರಿಂದ ಹಿಮದಲ್ಲಿ, ಕೆಸರಿನಲ್ಲಿ ಹಿಡಿತ ತಪ್ಪುವುದಿಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟಲು ನೀರೇ ಇಲ್ಲ. ಯುದ್ಧದಲ್ಲಿ ಬಸವಳಿದ, ಗ್ಯಾರೇಜು ಕಟ್ಟಿಸಲಾರದ ಮಧ್ಯಮವರ್ಗಕ್ಕೆ ಇದಕ್ಕಿಂತ ಹೊಂದುವ ವಾಹನ ಆಗ ಬೇರೊಂದಿರಲಿಲ್ಲ.

1961ರ ಹೊಸ ಕಾರು

1950ರ ದಶಕದ ಕೊನೆಗೆ ಜರ್ಮನಿಯ ಸ್ಥಿತಿಯೇ ಬದಲಾಗಿತ್ತು. ಬೀಟಲ್ ಕೊಂಡಿದ್ದ ಯುವಕನಿಗೆ ಮದುವೆಯಾಗಿತ್ತು, ಮಕ್ಕಳಾಗಿದ್ದವು, ಸಂಬಳ ಏರಿತ್ತು. ಅವನಿಗೆ ಇನ್ನಷ್ಟು ದೊಡ್ಡ ಕಾರು ಬೇಕಾದಾಗ ಫೋಕ್ಸ್‌ವ್ಯಾಗನ್‌ನ ಅಂಗಡಿಯಲ್ಲಿ ತೋರಿಸಲು ಏನೂ ಇರಲಿಲ್ಲ. ಅವನು ಒಪೆಲ್ ಅಥವಾ ಫೋರ್ಡ್‌ನ ಅಂಗಡಿಗೆ ಹೋಗುತ್ತಿದ್ದ. ಕೈಹಿಡಿದ ಗಿರಾಕಿಯನ್ನು ಎದುರು ಅಂಗಡಿಗೆ ಕಳುಹಿಸಿಕೊಡುವ ಈ ದೋಷವನ್ನು ನಿವಾರಿಸಲೆಂದು 1961ರ ಸೆಪ್ಟೆಂಬರ್‌ನಲ್ಲಿ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ ಫೋಕ್ಸ್‌ವ್ಯಾಗನ್ 1500 ಎಂಬ ಹೊಸ ಕಾರು ಅನಾವರಣಗೊಂಡಿತು. ಸಂಸ್ಥೆಯ ಒಳ ಲೆಕ್ಕದಲ್ಲಿ ಬೀಟಲ್ ಟೈಪ್ 1, ಸರಕು ವ್ಯಾನು ಟೈಪ್ 2. ಇದು ಟೈಪ್ 3.

ತಂತ್ರಜ್ಞರು ಇದರಲ್ಲಿ ತೋರಿದ ಜಾಣ್ಮೆ ಮೆಚ್ಚತಕ್ಕದ್ದು. ಬೀಟಲ್‌ನಲ್ಲಿ ಎಂಜಿನ್ನಿನ ನೆತ್ತಿಯ ಮೇಲೆ ನೆಟ್ಟಗೆ ನಿಂತಿದ್ದ ತಂಪುಗಾಳಿಯ ಪಂಖವನ್ನು ಕೆಳಗಿಳಿಸಿ ಕ್ರ್ಯಾಂಕ್‌ಶಾಫ್ಟ್‌ನ ತುದಿಗೇ ಜೋಡಿಸಿದರು. ಇದರಿಂದ ಎಂಜಿನ್ನಿನ ಎತ್ತರ ಸುಮಾರು 40 ಸೆಂಟಿಮೀಟರಿಗೆ ಇಳಿದು, ಅದು ಹಿಂಬದಿಯ ನೆಲದ ಕೆಳಗೆ ಮಲಗಿದಂತಾಯಿತು. ಸೂಟ್‌ಕೇಸ್‌ನಂತೆ ಚಪ್ಪಟೆಯಾದ ಈ ಎಂಜಿನ್ನಿನ ಮೇಲೆ ಒಂದು ಸಾಮಾನು ಖಾನೆ, ಕಾರಿನ ಮುಂಭಾಗದಲ್ಲಿ ಇನ್ನೊಂದು ಖಾನೆ. ಒಂದು ಕುಟುಂಬದ ಪ್ರವಾಸದ ಗಂಟುಮೂಟೆಗೆ ಎರಡು ಜಾಗ. 1493 ಸಿ.ಸಿ. ಎಂಜಿನ್ 45 ಅಶ್ವಶಕ್ತಿ ನೀಡುತ್ತಿತ್ತು; ಅಂದಿನ ಬೀಟಲ್‌ನ ಶಕ್ತಿ 34. ಮರುವರ್ಷ, ಅಂದರೆ 1962ರಲ್ಲಿ, ಉದ್ದನೆಯ ಛಾವಣಿಯ 'ವೇರಿಯಂಟ್' ಎಂಬ ಸ್ಟೇಷನ್ ವ್ಯಾಗನ್ ಮಾದರಿ ಬಂದಿತು. ವಾರದ ಆರು ದಿನ ಅಂಗಡಿಯ ಸರಕು, ಏಳನೆಯ ದಿನ ಮನೆಮಂದಿ ಎಂಬಂತೆ ಬಳಸಬಹುದಾಗಿದ್ದ ಈ ಮಾದರಿಯನ್ನು ಸಣ್ಣ ವ್ಯಾಪಾರಿಗಳೂ ಕುಶಲಕರ್ಮಿಗಳೂ ವಿಶೇಷವಾಗಿ ಮೆಚ್ಚಿದರು. 1965ರಲ್ಲಿ ಎಂಜಿನ್ 1584 ಸಿ.ಸಿ.ಗೆ ಬೆಳೆಯಿತು, ಇಳಿಜಾರು ಬೆನ್ನಿನ ಮತ್ತೊಂದು ಮಾದರಿಯೂ ಸೇರಿತು.

1967ರಲ್ಲಿ ಇನ್ನೂ ಒಂದು ಹೆಜ್ಜೆ. ಅಮೆರಿಕದ ಹೊಗೆ ನಿಯಂತ್ರಣ ನಿಯಮಗಳಿಗೆ ಉತ್ತರವಾಗಿ ಬಾಷ್ ಸಂಸ್ಥೆಯ ವಿದ್ಯುನ್ಮಾನ ಇಂಧನ ಸಿಂಚನ ವ್ಯವಸ್ಥೆಯನ್ನು ಈ ಕಾರಿಗೆ ಅಳವಡಿಸಲಾಯಿತು. ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೊ ಎಂಬ ಹೆಸರಿನಲ್ಲಿ ಬೆಳೆದು 2008ರಲ್ಲಿ ಬಾಷ್ ಎಂದೇ ಹೆಸರಾದ ಕಂಪನಿಯ ಮಾತೃಸಂಸ್ಥೆ ಇದು. ದೊಡ್ಡ ಪ್ರಮಾಣದಲ್ಲಿ ತಯಾರಾಗುವ ಕಾರೊಂದರಲ್ಲಿ ಇಂಥ ವ್ಯವಸ್ಥೆ ಬಂದದ್ದು ಜಗತ್ತಿನಲ್ಲಿಯೇ ಅದು ಮೊದಲು. ಒಟ್ಟು 12 ವರ್ಷಗಳಲ್ಲಿ, 1973ರವರೆಗೆ, ಜರ್ಮನಿಯಲ್ಲಿ ತಯಾರಾದ ಟೈಪ್ 3 ಕಾರುಗಳ ಸಂಖ್ಯೆ 25 ಲಕ್ಷಕ್ಕೂ ಹೆಚ್ಚು. ಅದರಲ್ಲಿ ಅರ್ಧಕ್ಕೆ ಸಮೀಪದಷ್ಟು ವೇರಿಯಂಟ್ ಮಾದರಿಗಳು. ಯಾವ ಮಾನದಂಡದಿಂದ ನೋಡಿದರೂ ಇದು ಸೋಲಲ್ಲ.

ಬದಲಾಗದೆ ಉಳಿದದ್ದು

ಹಾಗಾದರೆ ತಪ್ಪಿದ್ದು ಎಲ್ಲಿ? ಹೊಸ ಕಾರಿನ ಮೈ ಬದಲಾಗಿತ್ತು, ತತ್ತ್ವ ಬದಲಾಗಿರಲಿಲ್ಲ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರುವ ಅಂತರ ಬೀಟಲ್‌ನಲ್ಲಿ 2400 ಮಿಲಿಮೀಟರ್, ಟೈಪ್ 3ರಲ್ಲಿಯೂ ಅಷ್ಟೇ. ಎಂಜಿನ್ ಹಿಂದೆಯೇ, ಗಾಳಿಯ ತಂಪೇ, ನಾಲ್ಕು ಸಿಲಿಂಡರುಗಳ ಅದೇ ಅಡ್ಡ ಜೋಡಣೆಯೇ. ಕೊಳ್ಳುವ ಗಿರಾಕಿಯೂ ಬಹುಮಟ್ಟಿಗೆ ಹಳೆಯ ಬೀಟಲ್ ಗಿರಾಕಿಯೇ. ಬೀಟಲ್‌ನ ಗುಣಗಳೆಲ್ಲ ಇದಕ್ಕೆ ಬಳುವಳಿಯಾಗಿ ಬಂದವು, ದೋಷಗಳೂ ಬಂದವು. ಅಡ್ಡಗಾಳಿಗೆ ಓಲಾಡುವುದು, ಒಳಗಿನ ಜಾಗಕ್ಕೆ ಮಿತಿ, ಚಳಿಗಾಲದಲ್ಲಿ ಬಿಸಿಗಾಳಿಯ ಕೊರತೆ, ಎಂಜಿನ್ನಿನ ಸದ್ದು. ಇವೆಲ್ಲಕ್ಕಿಂತ ಮಿಗಿಲಾಗಿ, ಗಾಳಿಯಿಂದ ತಂಪಾಗುವ ಎಂಜಿನ್ನಿನ ಉಷ್ಣತೆಯನ್ನು ಒಂದೇ ಮಟ್ಟದಲ್ಲಿ ಇರಿಸುವುದು ಕಷ್ಟವಾದ್ದರಿಂದ ಹೊಗೆಯ ನಿಯಮಗಳು ಬಿಗಿಯಾದಷ್ಟೂ ಅದರ ದಾರಿ ಇಕ್ಕಟ್ಟಾಗುತ್ತ ಹೋಯಿತು.

ಅದೇ ವೇಳೆಗೆ ಸುತ್ತಲಿನ ಜಗತ್ತು ಬೇರೆ ದಿಕ್ಕಿಗೆ ಸಾಗುತ್ತಿತ್ತು. ಬ್ರಿಟನ್ನಿನಲ್ಲಿ 1959ರಲ್ಲಿಯೇ ಮಿನಿ ಕಾರು ಎಂಜಿನ್ನನ್ನು ಮುಂದಕ್ಕೆ ತಂದು ಅಡ್ಡಲಾಗಿ ಇರಿಸಿ, ಮುಂದಿನ ಚಕ್ರಗಳನ್ನೇ ಚಾಲನೆಗೆ ಬಳಸಿತ್ತು. ಜರ್ಮನಿಯಲ್ಲಿಯೇ 1962ರಲ್ಲಿ ಒಪೆಲ್‌ನ ಕಾಡೆಟ್, ನೀರಿನ ತಂಪಿನ ಮುಂಗಡೆಯ ಎಂಜಿನ್ನಿನೊಡನೆ ಬಂದಿತು. ಹಿಂಬದಿ ಎಂಜಿನ್ನಿನ ಷೆವ್ರೊಲೆ ಕಾರ್ವೇರ್ ಕಾರಿನ ಸುರಕ್ಷತೆಯ ಬಗ್ಗೆ 1965ರಲ್ಲಿ ರಾಲ್ಫ್ ನೇಡರ್ ಎತ್ತಿದ ಪ್ರಶ್ನೆಗಳು ಅಮೆರಿಕದಲ್ಲಿ ಕಾರುಗಳ ಸುರಕ್ಷತೆಯನ್ನೇ ಸಾರ್ವಜನಿಕ ಚರ್ಚೆಯ ವಿಷಯವನ್ನಾಗಿಸಿದವು.

ಈ ಎಲ್ಲ ಅಂಶಗಳನ್ನು ಗಮನಿಸಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ಹೊಸ ಸರಕು ಹಳೆಯ ಸರಕಿನ ದೌರ್ಬಲ್ಯವನ್ನೇ ಹಂಚಿಕೊಂಡಿದ್ದರೆ ಅದು ಲೆಕ್ಕಪುಸ್ತಕದಲ್ಲಿ ಎರಡನೆಯ ಸರಕು. ಅಪಾಯದ ಲೆಕ್ಕದಲ್ಲಿ ಅದೇ ಹಳೆಯ ಸರಕು. ಟೈಪ್ 3 ಫೋಕ್ಸ್‌ವ್ಯಾಗನ್‌ಗೆ ಎರಡನೆಯ ಕಂಬವಾಗಲಿಲ್ಲ; ಮೊದಲ ಕಂಬಕ್ಕೇ ಕೊಟ್ಟ ಆನಿಕೆಯಾಯಿತು. ಕಂಬವೇ ಅಲುಗಾಡಿದಾಗ ಆನಿಕೆಯೂ ಜೊತೆಗೆ ಅಲುಗಾಡಿತು.

ಬೋರ್ಗ್‌ವಾರ್ಡ್ ನೀಡಿದ ಎಚ್ಚರಿಕೆ

ನೋರ್ಡ್‌ಹಾಫ್ ಅವರನ್ನು ಹಳೆಯದಕ್ಕೆ ಅಂಟಿಕೊಂಡ ಹಟಮಾರಿ ಎಂದು ಬಣ್ಣಿಸಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅದು ನ್ಯಾಯವಲ್ಲ. ಅವರ ಕಣ್ಣೆದುರಿಗೇ ವಿರುದ್ಧ ಬಗೆಯ ಒಂದು ದುರಂತ ನಡೆದುಹೋಗಿತ್ತು. ಬ್ರೆಮೆನ್ ನಗರದ ಬೋರ್ಗ್‌ವಾರ್ಡ್ ಸಮೂಹವು ಬೋರ್ಗ್‌ವಾರ್ಡ್, ಗೋಲಿಯತ್, ಲಾಯ್ಡ್ ಎಂಬ ಹೆಸರುಗಳಲ್ಲಿ ಬಗೆಬಗೆಯ ಕಾರುಗಳನ್ನು ತಯಾರಿಸುತ್ತಿತ್ತು. ಪ್ರತಿಯೊಂದಕ್ಕೂ ಪ್ರತ್ಯೇಕ ವಿನ್ಯಾಸ, ಪ್ರತ್ಯೇಕ ಬಿಡಿಭಾಗ, ಆದರೆ ಮಾರಾಟ ಮಾತ್ರ ಅಲ್ಪ. ಹೊಸತನಕ್ಕೆ ಹೆಸರಾಗಿದ್ದ ಆ ಸಮೂಹ 1961ರಲ್ಲಿಯೇ, ಟೈಪ್ 3 ಅನಾವರಣಗೊಂಡ ವರ್ಷದಲ್ಲಿಯೇ, ದಿವಾಳಿಯಾಯಿತು.

ಅಂಥ ವರ್ಷದಲ್ಲಿ, ಅದೂ ಫೋಕ್ಸ್‌ವ್ಯಾಗನ್‌ನ ಷೇರುಗಳು ಮೊದಲ ಬಾರಿಗೆ ಸಾಮಾನ್ಯ ನಾಗರಿಕರ ಕೈಗೆ ಬಂದ ವರ್ಷದಲ್ಲಿ, ಹೊಸ ತತ್ತ್ವದ ಕಾರಿಗೆ ಕೈಹಾಕಲು ಯಾವ ಮುಖ್ಯಸ್ಥನಾದರೂ ಹಿಂಜರಿಯುವುದು ಸಹಜ. ಇದ್ದ ಯಂತ್ರಗಳು, ಇದ್ದ ಕುಶಲತೆ, ಇದ್ದ ದುರಸ್ತಿ ಜಾಲ ಇವೆಲ್ಲವೂ ಹಿಂಬದಿಯ ಎಂಜಿನ್ನಿಗೇ ಹೊಂದಿಕೊಂಡಿದ್ದವು. ಅವನ್ನು ಬಳಸಿಕೊಂಡೇ ಒಂದು ಮೆಟ್ಟಿಲು ಮೇಲೇರುವುದು ಜಾಣತನವೆಂದೇ ಅಂದು ತೋರಿತು. 1961ರ ತೀರ್ಮಾನವನ್ನು ದೂರುವುದಕ್ಕಿಂತ, ಅದರ ಮುಂದಿನ ಹತ್ತು ವರ್ಷಗಳನ್ನು ಪ್ರಶ್ನಿಸುವುದು ಹೆಚ್ಚು ಸರಿ.

ಲಾಭದ ದಶಕದಲ್ಲಿ ಕಳೆದುಹೋದ ಕಾಲ

'ಗಾಳಿ ಬಂದಾಗ ತೂರಿಕೋ' ಎಂಬ ಗಾದೆಯನ್ನು ಫೋಕ್ಸ್‌ವ್ಯಾಗನ್ ಚೆನ್ನಾಗಿಯೇ ಪಾಲಿಸಿತು. ಒಂದು ಡಾಲರಿಗೆ 4 ಮಾರ್ಕ್ ದೊರೆಯುತ್ತಿದ್ದ ಸ್ಥಿರ ವಿನಿಮಯದ ಕಾಲದಲ್ಲಿ ಅಮೆರಿಕದಲ್ಲಿ ಜರ್ಮನ್ ಕಾರು ಅಗ್ಗವಾಗಿತ್ತು. 1970ರಲ್ಲಿ ಆ ಒಂದು ದೇಶದಲ್ಲಿಯೇ ಸಂಸ್ಥೆಯ 5 ಲಕ್ಷಕ್ಕೂ ಹೆಚ್ಚು ವಾಹನಗಳು ಮಾರಾಟವಾದವು. 1971ರಲ್ಲಿ ತಯಾರಾದ ಬೀಟಲ್‌ಗಳ ಸಂಖ್ಯೆ 12 ಲಕ್ಷವನ್ನು ಮೀರಿತು. ಟೈಪ್ 3 ತನ್ನ ಇಡೀ ಆಯುಸ್ಸಿನಲ್ಲಿ ಕಂಡ ಸಂಖ್ಯೆಯನ್ನು ಬೀಟಲ್ ಎರಡೇ ವರ್ಷಗಳಲ್ಲಿ ಮುಟ್ಟುವಂತಿತ್ತು. ಇಂಥ ಗೆಲುವಿನ ನೆರಳಿನಲ್ಲಿ ಬೇರೆ ಗಿಡ ಬೆಳೆಯುವುದು ಕಷ್ಟ.

ಕುತೂಹಲದ ಸಂಗತಿಯೆಂದರೆ ಹೊಸ ವಿದ್ಯೆ ಸಂಸ್ಥೆಯ ಅಂಗಳದಲ್ಲಿಯೇ ಇತ್ತು. 1960ರ ದಶಕದ ಮಧ್ಯದಲ್ಲಿ ಫೋಕ್ಸ್‌ವ್ಯಾಗನ್ ಡೈಮ್ಲರ್-ಬೆಂಜ್‌ನಿಂದ ಇಂಗೋಲ್‌ಸ್ಟಾಟ್‌ನ ಆಟೋ ಯೂನಿಯನ್ ಸಂಸ್ಥೆಯನ್ನು ಕೊಂಡಿತು. ಮುಂಗಡೆಯ ಎಂಜಿನ್, ನೀರಿನ ತಂಪು, ಮುಂದಿನ ಚಕ್ರದ ಚಾಲನೆ ಇವೆಲ್ಲವನ್ನೂ ಅಲ್ಲಿನ ಎಂಜಿನಿಯರುಗಳು ಬಲ್ಲವರಾಗಿದ್ದರು. ಆದರೆ ವೋಲ್ಫ್ಸ್‌ಬರ್ಗ್ ಆ ಕಾರ್ಖಾನೆಯನ್ನು ಬಳಸಿದ್ದು ಬೀಟಲ್ ಜೋಡಣೆಗೆ. ಹೊಸ ಕಾರಿನ ವಿನ್ಯಾಸ ಮಾಡಕೂಡದೆಂಬ ಆದೇಶವೂ ಹೋಯಿತು. ಅಲ್ಲಿನ ಮುಖ್ಯ ಎಂಜಿನಿಯರ್ ಲುಡ್ವಿಗ್ ಕ್ರೌಸ್ ಆ ಆದೇಶವನ್ನು ಮೀರಿ ಗುಟ್ಟಾಗಿ ಕೆಲಸ ಮುಂದುವರಿಸಿದರು. ಅವರ ಕಾರನ್ನು ಕೊನೆಗೆ ಕಣ್ಣಾರೆ ಕಂಡ ನೋರ್ಡ್‌ಹಾಫ್ ಒಪ್ಪಿಗೆ ನೀಡಿದರು ಎಂಬುದು ಅವರ ದೊಡ್ಡತನಕ್ಕೆ ಸಾಕ್ಷಿ. 1968ರ ಏಪ್ರಿಲ್‌ನಲ್ಲಿ ಅವರು ನಿಧನರಾದರು. ಕ್ರೌಸ್ ಅವರ ಕಾರು ಅದೇ ವರ್ಷದ ಕೊನೆಗೆ ಆಡಿ 100 ಎಂಬ ಹೆಸರಿನಿಂದ ಹೊರಬಂದು ಜಯಗಳಿಸಿತು. ಆದರೆ ಅದೇ ವರ್ಷ ವೋಲ್ಫ್ಸ್‌ಬರ್ಗ್ ತಂದ ಹೊಸ ಕಾರು ಫೋಕ್ಸ್‌ವ್ಯಾಗನ್ 411. ಇನ್ನೂ ದೊಡ್ಡದು, ನಾಲ್ಕು ಬಾಗಿಲಿನದು, ಆದರೂ ಎಂಜಿನ್ ಹಿಂದೆ, ತಂಪು ಗಾಳಿಯದೇ. ಅದರ ಒಟ್ಟು ಉತ್ಪಾದನೆ 4 ಲಕ್ಷವನ್ನು ಮುಟ್ಟಲಿಲ್ಲ.

ಬಾಯಾರಿದಾಗ ತೋಡಿದ ಬಾವಿ

ಮುಂದಿನದು ವೇಗವಾಗಿ ನಡೆಯಿತು. 1969ರಲ್ಲಿ ಮಾರ್ಕಿನ ಮೌಲ್ಯ ಏರಿ ಡಾಲರಿನ ಬೆಲೆ 3.66 ಮಾರ್ಕಿಗೆ ಬಂದಿತು. 1973ರಲ್ಲಿ 3 ಮಾರ್ಕಿಗಿಂತಲೂ ಕೆಳಗಿಳಿಯಿತು. ಅಮೆರಿಕದ ಮಾರುಕಟ್ಟೆಯನ್ನು ನಂಬಿದ್ದ ಸಂಸ್ಥೆಗೆ ಇದು ದೊಡ್ಡ ಪೆಟ್ಟು. ಆ ವರ್ಷದ ಅಕ್ಟೋಬರ್‌ನಲ್ಲಿ ತೈಲ ಬಿಕ್ಕಟ್ಟು ಬಂದೆರಗಿತು. 1972ರ ಫೆಬ್ರುವರಿ 17ರಂದು ಫೋರ್ಡ್‌ನ ಮಾಡೆಲ್-ಟಿ ಕಾರಿನ ದಾಖಲೆಯನ್ನು ಬೀಟಲ್ ಮುರಿದಾಗ ಹಬ್ಬವನ್ನಾಚರಿಸಿದ್ದ ಸಂಸ್ಥೆ, 1974ರಲ್ಲಿ 80 ಕೋಟಿ ಮಾರ್ಕ್‌ಗೂ ಮೀರಿದ ನಷ್ಟ ತೋರಿಸಿತು. ದಾಖಲೆಗೂ ನಷ್ಟಕ್ಕೂ ನಡುವಿನ ಅಂತರ ಕೇವಲ ಎರಡು ವರ್ಷ. 1975ರಲ್ಲಿ 25 ಸಾವಿರ ಕೆಲಸಗಳನ್ನು ಕಡಿತಗೊಳಿಸುವ ಯೋಜನೆ ಜಾರಿಗೆ ಬಂದಿತು. 1962ರಿಂದ ಇಟಲಿಯಿಂದ ಬಂದು ವೋಲ್ಫ್ಸ್‌ಬರ್ಗ್‌ನಲ್ಲಿ ದುಡಿದಿದ್ದ ಅನೇಕ ಕಾರ್ಮಿಕರು ಪರಿಹಾರ ಧನ ಪಡೆದು ಊರಿನ ದಾರಿ ಹಿಡಿದರು. ವಿನ್ಯಾಸದ ಮೇಜಿನಲ್ಲಿ ಮುಂದೂಡಿದ ತೀರ್ಮಾನದ ಬೆಲೆಯನ್ನು ಕೊನೆಗೆ ತೆತ್ತವರು ಅವರು.

ಸಂಸ್ಥೆ ಉಳಿದದ್ದು ಇಂಗೋಲ್‌ಸ್ಟಾಟ್‌ನ ವಿದ್ಯೆಯಿಂದ. 1971ರಲ್ಲಿ ಮುಖ್ಯಸ್ಥರಾದ ರುಡೋಲ್ಫ್ ಲೈಡಿಂಗ್, ಹಿಂದಿನ ಸೀಟಿನ ಕೆಳಗೆ ಎಂಜಿನ್ ಇರಿಸುವ ದುಬಾರಿ ಯೋಜನೆಯೊಂದನ್ನು ನಡುವೆಯೇ ಕೈಬಿಟ್ಟರು. 1973ರಲ್ಲಿ ಆಡಿ 80ರ ಆಧಾರದ ಮೇಲೆ ಪಸಾಟ್, 1974ರಲ್ಲಿ ಗಾಲ್ಫ್ ಬಂದವು. ಎರಡರಲ್ಲಿಯೂ ಎಂಜಿನ್ ಮುಂದೆ, ತಂಪು ನೀರಿನದು. 1976ರ ಅಕ್ಟೋಬರ್‌ಗೆ ಗಾಲ್ಫ್ ಹತ್ತು ಲಕ್ಷ ಮುಟ್ಟಿತು. ಬಾಯಾರಿದಾಗ ಬಾವಿ ತೋಡಿದರೂ ನೀರು ಸಿಕ್ಕಿತು ಎನ್ನಬಹುದು. ಆದರೆ ನೆಲದಡಿಯ ನೀರನ್ನು ಹತ್ತು ವರ್ಷ ಹಿಂದೆಯೇ ಕೊಂಡು ಇಟ್ಟುಕೊಂಡಿದ್ದ ಸಂಸ್ಥೆ ಇದೆಂಬುದನ್ನು ಮರೆಯಬಾರದು. ಎಲ್ಲ ಉದ್ಯಮಿಗಳಿಗೂ ಆ ಅದೃಷ್ಟ ಇರುವುದಿಲ್ಲ.

ಕರ್ನಾಟಕದ ಕನ್ನಡಿಯಲ್ಲಿ

ಈ ಮಾತನ್ನು ಅರಿಯಲು ಕನ್ನಡಿಗರು ಜರ್ಮನಿಯವರೆಗೆ ಹೋಗಬೇಕಾಗಿಯೂ ಇಲ್ಲ. ಟೈಪ್ 3 ಹುಟ್ಟಿದ 1961ರಲ್ಲಿಯೇ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಡನೆ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆ ಆರಂಭವಾಯಿತು. ಕೀಲಿ ಕೊಡುವ ಆ ಗಡಿಯಾರ ದೇಶದ ಮನೆಮನೆಯ ಹೆಮ್ಮೆಯಾಯಿತು. ಕ್ವಾರ್ಟ್ಜ್ ವಿದ್ಯೆ ಎಚ್.ಎಂ.ಟಿ.ಗೆ ಅಪರಿಚಿತವಾಗಿರಲಿಲ್ಲ, ಅದು ಕ್ವಾರ್ಟ್ಜ್ ಗಡಿಯಾರಗಳನ್ನೂ ತಯಾರಿಸಿತ್ತು. ಆದರೆ ಗೆದ್ದ ಸರಕಿನ ಭಾರ ಹಳೆಯ ಕಡೆಗೇ ಎಳೆಯಿತು. 1980ರ ದಶಕದಲ್ಲಿ ಕ್ವಾರ್ಟ್ಜ್ ಅನ್ನೇ ನೆಚ್ಚಿ ಬಂದ ಟೈಟಾನ್ ಮಾರುಕಟ್ಟೆಯನ್ನು ಒಯ್ದಿತು. 2016ರಲ್ಲಿ ಎಚ್.ಎಂ.ಟಿ. ಕೈಗಡಿಯಾರ ಘಟಕಗಳನ್ನು ಮುಚ್ಚುವ ನಿರ್ಧಾರ ಹೊರಬಿದ್ದಿತು. ಅಲ್ಲಿಯೂ ಕೊರತೆಯಾದದ್ದು ತಿಳಿವಳಿಕೆಯಲ್ಲ. ಗೆಲುವಿನ ದಿನಗಳಲ್ಲಿ ಹಳೆಯದರಿಂದ ಕೈ ಸಡಿಲಿಸುವ ಧೈರ್ಯ.

ಇಂದು ಪೀಣ್ಯದಲ್ಲಿ, ಬೆಳಗಾವಿಯ ಉದ್ಯಮಬಾಗದಲ್ಲಿ, ಶಿವಮೊಗ್ಗದ ಎರಕದ ಘಟಕಗಳಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಸಣ್ಣ ಉದ್ಯಮಿಗಳ ಎದುರು ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ನಿಂತಿದೆ. ವಿದ್ಯುತ್ ವಾಹನದಲ್ಲಿ ಪಿಸ್ಟನ್ ಇಲ್ಲ, ಕವಾಟವಿಲ್ಲ, ಹೊಗೆ ಕೊಳವೆಯಿಲ್ಲ. ಎಂಜಿನ್ನಿನ ಒಂದು ಭಾಗ ಮಾಡುತ್ತಿದ್ದ ಘಟಕ ಅದೇ ಎಂಜಿನ್ನಿನ ಇನ್ನೊಂದು ಭಾಗಕ್ಕೂ ಬೇಡಿಕೆ ಪಡೆದು 'ಎರಡು ಸರಕಾಯಿತು' ಎಂದು ನೆಮ್ಮದಿಪಟ್ಟರೆ, ಅದು ಟೈಪ್ 3ರ ನೆಮ್ಮದಿ. ಅದೇ ಘಟಕ ತನ್ನ ಎರಕದ ಕುಶಲತೆಯನ್ನು ಪಂಪಿಗೋ, ಕೃಷಿ ಯಂತ್ರಕ್ಕೋ, ವಿದ್ಯುತ್ ಮೋಟಾರಿನ ಕವಚಕ್ಕೋ ಹೊರಳಿಸಿದರೆ ಅದು ನಿಜವಾದ ಎರಡನೆಯ ಕಂಬ. ಹೊಸ ಸರಕಿನ ಪ್ರಸ್ತಾಪ ಬಂದಾಗ ಉದ್ಯಮಿಯು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಇದರ ಗಿರಾಕಿ ಹಳೆಯವನೇ? ಇದರ ತಂತ್ರ ಹಳೆಯದೇ? ಹಳೆಯ ಸರಕನ್ನು ಕೊಲ್ಲಬಲ್ಲ ಕಾರಣ ಇದನ್ನೂ ಕೊಲ್ಲಬಲ್ಲದೇ? ಮೂರಕ್ಕೂ ಹೌದು ಎಂಬ ಉತ್ತರ ಬಂದರೆ ಅಲ್ಲಿ ಲಾಭವಿರಬಹುದು, ರಕ್ಷಣೆ ಇಲ್ಲ.

ಬ್ಯಾಂಕುಗಳಿಗೂ ಸರ್ಕಾರಕ್ಕೂ ಇಲ್ಲಿ ಹೊಣೆಯಿದೆ. ಪುನಶ್ಚೇತನದ ನೆರವು ಸಾಮಾನ್ಯವಾಗಿ ಸಿಗುವುದು ಘಟಕ ರೋಗಗ್ರಸ್ತವಾದ ಮೇಲೆ. ಆಗ ಹೊಸ ಅಚ್ಚು ಕೊಳ್ಳಲು ಹಣವಾಗಲಿ, ಕಲಿಯಲು ಕಾಲವಾಗಲಿ ಉಳಿದಿರುವುದಿಲ್ಲ. ಆರೋಗ್ಯವಂತ ಘಟಕವೊಂದು ತನ್ನ ಲಾಭದ ಒಂದು ಪಾಲನ್ನು ಹೊಸ ತತ್ತ್ವದ ಸರಕಿಗೆ ವಿನಿಯೋಗಿಸಿದಾಗಲೇ ತೆರಿಗೆಯಲ್ಲಿ, ಬಡ್ಡಿಯಲ್ಲಿ ರಿಯಾಯಿತಿ ದೊರೆಯುವಂತಾಗಬೇಕು. ವಾಣಿಜ್ಯ ಸಂಸ್ಥೆಗಳು ಈ ಬೇಡಿಕೆಯನ್ನು ಮುಂದಿಡುವುದು ಸಕಾಲಿಕ.

ಈ ಪಾಠ ಒಮ್ಮೆ ಕಲಿತರೆ ಮುಗಿಯುವಂಥದ್ದಲ್ಲ. ಹಿಂಬದಿಯ ಎಂಜಿನ್ನಿನಿಂದ ಕಷ್ಟಪಟ್ಟು ಹೊರಬಂದ ಫೋಕ್ಸ್‌ವ್ಯಾಗನ್ ಸಂಸ್ಥೆಯೇ, 2024ರ ಡಿಸೆಂಬರ್‌ನಲ್ಲಿ, 2030ರೊಳಗೆ ಜರ್ಮನಿಯಲ್ಲಿ 35 ಸಾವಿರಕ್ಕೂ ಹೆಚ್ಚು ಕೆಲಸಗಳನ್ನು ಕಡಿಮೆ ಮಾಡುವ ಒಪ್ಪಂದಕ್ಕೆ ಕಾರ್ಮಿಕ ಸಂಘದೊಡನೆ ಸಹಿ ಹಾಕಬೇಕಾಯಿತು. ಪ್ರತಿ ಪೀಳಿಗೆಗೂ ತನ್ನದೇ ಆದ ಬೀಟಲ್ ಇರುತ್ತದೆ. ಅದು ಚೆನ್ನಾಗಿ ಮಾರಾಟವಾಗುತ್ತಿರುವ ವರ್ಷದಲ್ಲಿಯೇ ಅದರ ನಂತರದ ಸರಕಿನ ಕೆಲಸವೂ ಆರಂಭವಾಗಿರಬೇಕು.